ಕೋಳಿ ಶೆಡ್ಡಿನ ಬಾಗಿಲಲ್ಲಿ ಕೂತವರು

ಹೋದ ತಿಂಗಳು ಲಕ್ಷ್ಮೀಪುರಂನ ಮೇಡಂ ಮನೆಗೆ ಹೋದಾಗ ಪಡಸಾಲೆಯಲ್ಲಿ ಅವರ ತಮ್ಮ ಒಬ್ಬರೇ ಕೂತಿದ್ದರು. ಬಟ್ಟೆ ವ್ಯಾಪಾರದವರು, ಮಾತು ಕಡಿಮೆ. ತೀರಿಕೊಂಡ ಅಕ್ಕನ ಕಾರ್ಯವೆಲ್ಲ ಮುಗಿದು ನೆಂಟರಿಷ್ಟರು ಹೊರಟುಹೋಗಿದ್ದರು. ಒಳಗಿನಿಂದ ನನಗೆ ಕಾಫಿ ತರಿಸಿಕೊಟ್ಟರು. "ನೀವು ಅಕ್ಕನ ಜೊತೆ ಬಹಳ ವರ್ಷ ಇದ್ರಿ. ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಅಲ್ಲಿ ಅವರು ಏನ್ಮಾಡ್ತಿದ್ರು?" ಎಂದರು.

"ಕೋಳಿ ಕಾಯಿಲೆ ಬಗ್ಗೆ ಸಂಶೋಧನೆ ಸಾರ್."

"ಅಷ್ಟು ಗೊತ್ತು. ಅದಕ್ಕಿಂತ ಹೆಚ್ಚು ಗೊತ್ತಿಲ್ಲ. ನಮ್ಮಮ್ಮ ಇರೋವರೆಗೂ ಈ ಮನೇಲಿ ಕೋಳಿ ಅನ್ನೋ ಪದಾನೇ ಬರೋ ಹಾಗಿರ್ಲಿಲ್ಲ. ಆಮೇಲೆ ಕೇಳೋ ಅಭ್ಯಾಸಾನೇ ತಪ್ಪೋಯ್ತು."

ಆಗ ಬಾಯಿಗೆ ಬಂದಷ್ಟು ಹೇಳಿದೆ. ಮನೆಗೆ ಬಂದ ಮೇಲೆ ಹೇಳಬೇಕಾದದ್ದೆಲ್ಲ ಉಳಿದೇ ಹೋಯಿತು ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಸಂಶೋಧನಾ ಕೇಂದ್ರ ಇದ್ದದ್ದು ಯಾದವಗಿರಿಯ ಒಂದು ಹಳೆಯ ಬಂಗಲೆಯಲ್ಲಿ. ಮುಂದೆ ಸಂಪಿಗೆ ಮರ, ಹಿಂದೆ ಯಾವುದೋ ಕಾಲದಲ್ಲಿ ಕಾರು ನಿಲ್ಲಿಸುತ್ತಿದ್ದ ಕೋಣೆ. ಆ ಕೋಣೆಯಲ್ಲೇ ಸತ್ತ ಕೋಳಿಗಳ ಪರೀಕ್ಷೆ ನಡೆಯುತ್ತಿತ್ತು. ನಾನು ಕೆಲಸಕ್ಕೆ ಸೇರಿದ ದಿನ ಯಾರೋ ನನ್ನನ್ನು ಅಲ್ಲಿಗೆ ಕಳಿಸಿದರು. ಬಿಳಿ ಕೋಟು ತೊಟ್ಟ ಒಬ್ಬ ಹೆಂಗಸು ನನಗೆ ಬೆನ್ನು ಮಾಡಿ ಬಗ್ಗಿ ನಿಂತಿದ್ದರು. ತಿರುಗಿ ನೋಡದೆಯೇ, "ಬಾಗಿಲು ಹಾಕಿ, ನೊಣ ಬರುತ್ತೆ. ಬಂದು ಇಲ್ಲಿ ನೋಡಿ" ಎಂದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

ಸ್ಟೀಲ್ ತಟ್ಟೆಯಲ್ಲಿ ಒಂದು ಕೋಳಿಯ ಕರುಳನ್ನು ಉದ್ದಕ್ಕೂ ಸೀಳಿ ಬಿಡಿಸಿ ಇಟ್ಟಿದ್ದರು.

"ಏನು ಕಾಣುತ್ತೆ?"

"ಕರುಳು ಮೇಡಂ."

"ಅದು ನನಗೂ ಗೊತ್ತು. ಒಳಗಡೆ ಪದರ ನೋಡಿ. ಬೆರಳಾಡ್ಸಿ ನೋಡಿ."

ಆಡಿಸಿದೆ. ನುಣ್ಣಗಿರಬೇಕಾದ ಜಾಗ ಒರಟಾಗಿತ್ತು, ಕಂದು ಹಳದಿ ಬಣ್ಣದ್ದು, ಹಳೆಯ ಟರ್ಕಿ ಟವೆಲ್ಲಿನ ಹಾಗೆ. ವಾಸನೆ ತಡೆಯಲಾಗದೆ ಮುಖ ಪಕ್ಕಕ್ಕೆ ತಿರುಗಿಸಿದೆ. ಅವರು ಮಾತ್ರ ಹೂವಿನ ಅಂಗಡಿ ಮುಂದೆ ನಿಂತವರ ಹಾಗೆ ಮೂಗನ್ನು ಇನ್ನಷ್ಟು ಹತ್ತಿರ ತಂದರು. "ವಾಸನೇನೂ ಕಲೀಬೇಕು. ಶೆಡ್ ಬಾಗಿಲಲ್ಲೇ ಅರ್ಧ ಗೊತ್ತಾಗ್ಬುಡುತ್ತೆ" ಎಂದರು.

ಈ ಕಾಯಿಲೆಯದೇ ಅವರ ಜೀವಮಾನದ ಕೆಲಸ. ಫಾರಂ ಕೋಳಿಯ ಕರುಳಿನಲ್ಲಿ ಯಾವಾಗಲೂ ಇರುವ ಒಂದು ಬಗೆಯ ಬ್ಯಾಕ್ಟೀರಿಯ ಒಮ್ಮೆಲೇ ಮಿತಿಮೀರಿ ಬೆಳೆದು, ವಿಷ ಬಿಟ್ಟು, ಒಳಪದರವನ್ನು ಕೊಂದುಹಾಕುತ್ತದೆ. ಹಿಂದಿನ ದಿನ ಮೇವು ತಿಂದ ಕೋಳಿ ಬೆಳಗಾಗುವಷ್ಟರಲ್ಲಿ ಸತ್ತಿರುತ್ತದೆ. ಇದನ್ನು ತಡೆಯಲು ಕಾಯಿಲೆ ಇರಲಿ ಬಿಡಲಿ, ಮರಿ ಬಂದ ದಿನದಿಂದಲೇ ಮೇವಿನಲ್ಲಿ ಚೂರು ಚೂರು ಆಂಟಿಬಯಾಟಿಕ್ ಬೆರೆಸುವ ರೂಢಿ ಬೆಳೆದುಬಂದಿತ್ತು. ಹಾಗೆ ದಿನವೂ ಒಂದಿಷ್ಟು ಔಷಧಿ ಕಂಡ ಬ್ಯಾಕ್ಟೀರಿಯಗಳಲ್ಲಿ ಕೆಲವು ಅದಕ್ಕೆ ಬಗ್ಗದ ಹಾಗೆ ಪಳಗಿಬಿಡುತ್ತವೆ. ಪಳಗಿದವು ಶೆಡ್ಡಿನಲ್ಲೇ ಉಳಿಯುವುದಿಲ್ಲ, ಮನುಷ್ಯರ ಆಸ್ಪತ್ರೆಯವರೆಗೂ ನಡೆದುಬರುತ್ತವೆ. ಮೇಡಂ ಹುಡುಕುತ್ತಿದ್ದದ್ದು ಆ ದಿನನಿತ್ಯದ ಔಷಧಿಯ ಬದಲಿಗೆ ಏನಾದರೂ ಸಿಕ್ಕೀತೇ ಎಂದು.

ಆ ಬ್ಯಾಕ್ಟೀರಿಯವನ್ನು ನಾನೊಮ್ಮೆ 'ಕೆಟ್ಟದ್ದು' ಎಂದಾಗ ಅವರಿಗೆ ಸರಿಬರಲಿಲ್ಲ. "ಅದೂ ಅಲ್ಲೇ ಇರೋದು ಕಣ್ರೀ. ಜಾಗ ಸಿಕ್ಕಿದ್ರೆ ತಾನೇ ಮೆರೆಯೋದು? ಅದನ್ನ ಕೊಲ್ಲೋದು ಬೇಡ, ಜಾಗ ಕೊಡೋದು ಬೇಡ. ಅಷ್ಟೇ ನಮ್ಮ ಕೆಲಸ."

ಇಷ್ಟಕ್ಕೂ ಅವರು ಕೋಳಿಯನ್ನಾಗಲಿ ಮೊಟ್ಟೆಯನ್ನಾಗಲಿ ಬಾಯಿಗೆ ಹಾಕಿದವರಲ್ಲ. ಮಠದ ನಂಟಿನ ವೀರಶೈವ ಮನೆತನ. ಕೊರಳಲ್ಲಿ ಲಿಂಗ. ಬೆಳಿಗ್ಗೆ ಪೂಜೆಯಾಗದೆ ನೀರೂ ಕುಡಿಯುತ್ತಿರಲಿಲ್ಲ. ಕೋಟು ತೊಡುವ ಮುಂಚೆ ಲಿಂಗವನ್ನು ಕುಪ್ಪಸದೊಳಗೆ ಜೋಪಾನವಾಗಿ ಸೇರಿಸಿಕೊಂಡು ಆಮೇಲೆ ಕತ್ತರಿ ಹಿಡಿಯುತ್ತಿದ್ದರು. ಬಂಗಲೆಯ ಹಿಂದಿನ ಬಚ್ಚಲಲ್ಲಿ ಅವರದೊಂದು ಬೇರೆ ಸೀರೆ, ಸೋಪು ಇರುತ್ತಿತ್ತು. ಸಂಜೆ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಮನೆಗೆ ಹೊರಡುತ್ತಿದ್ದರು. ಚಳಿಗಾಲದಲ್ಲೂ ಇದೇ.

"ಮನೇಲಿ ಏನೂ ಅನ್ನಲ್ವಾ ಮೇಡಂ?" ಎಂದು ಕೇಳಿದ್ದೆ.

"ಅಮ್ಮ ಕೇಳಲ್ಲ, ನಾನು ಹೇಳಲ್ಲ. ಸ್ನಾನ ಮಾಡ್ಕೊಂಡು ಹೋಗ್ತೀನಿ, ಊಟ ಬಡಿಸ್ತಾರೆ."

ನಾನು ಒಕ್ಕಲು ಮನೆಯವನು, ಭಾನುವಾರ ಬಂತೆಂದರೆ ಕೋಳಿ ಸಾರು ಆಗಲೇಬೇಕು. ಒಂದು ಸೋಮವಾರ ಜೀಪಿನಲ್ಲಿ ಹೋಗುವಾಗ ಅವರು ಇದ್ದಕ್ಕಿದ್ದ ಹಾಗೆ, "ಅದರ ರುಚಿ ಹೇಗಿರುತ್ತೆ ಹೇಳಿ" ಎಂದರು. ನಾನು ತಬ್ಬಿಬ್ಬಾದೆ. ಚೆನ್ನಾಗಿರುತ್ತೆ ಎಂದೆ. "ಚೆನ್ನಾಗಿರುತ್ತೆ ಅಂದ್ರೆ ಏನೂ ಹೇಳಿದ ಹಾಗಾಗ್ಲಿಲ್ಲ. ನಾಟಿ ಕೋಳಿಗೂ ಫಾರಂ ಕೋಳಿಗೂ ಏನು ವ್ಯತ್ಯಾಸ? ಅಗಿಯೋಕೆ ಹೇಗೆ? ಸಾರಿಗೆ ರುಚಿ ಬಿಡೋದು ಯಾವುದು?" ನಂಜನಗೂಡು ರಸ್ತೆಯುದ್ದಕ್ಕೂ ನಾನು ನಮ್ಮಮ್ಮನ ಸಾರನ್ನು ವಿವರಿಸಿದೆ. ಅವರು ಕಿಟಕಿಯಾಚೆ ನೋಡುತ್ತ, ನಡುನಡುವೆ ಪ್ರಶ್ನೆ ಕೇಳುತ್ತ, ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ತಿನ್ನೋರು ಇಷ್ಟು ಖುಷಿಯಾಗಿ ತಿಂತಾರೆ ಅಂದ್ಮೇಲೆ ಅದು ಶುದ್ಧವಾಗಿರಬೇಕಲ್ವಾ" ಎಂದರು. ತಿನ್ನದವರು ಯಾಕೆ ಈ ಕೆಲಸಕ್ಕೆ ಬಂದರು ಎಂದು ಆಮೇಲೆ ನಾನು ಯಾವತ್ತೂ ಕೇಳಲಿಲ್ಲ.

ಆಗ ನಾನು ಬಾಡಿಗೆಗಿದ್ದದ್ದು ಅಶೋಕಪುರಂನಲ್ಲಿ. ಮನೆ ಒಡತಿ ಪುಟ್ಟಮ್ಮನವರು ಹಿತ್ತಲಲ್ಲಿ ನಾಟಿ ಕೋಳಿ ಸಾಕಿದ್ದರು. ಔಷಧಿಯ ಗಾಳಿಯೂ ತಾಕದ ಕೋಳಿಗಳು, ತಿಪ್ಪೆ ಕೆದಕಿ ಬದುಕಿದವು, ಕಾಯಿಲೆ ಅಂದರೆ ಗೊತ್ತಿಲ್ಲ. ಮಾತಿಗೆ ನಾನು ಇದನ್ನು ಹೇಳಿದ್ದೇ ತಡ, ಮರುದಿನ ಬೆಳಿಗ್ಗೆ ಮೇಡಂ ಸಣ್ಣ ಡಬ್ಬಿಗಳ ಚೀಲ ಹಿಡಿದು ನಮ್ಮ ಬಾಗಿಲಲ್ಲಿದ್ದರು.

"ಕೋಳಿ ಬೇಕಾ ಅಮ್ಮಾ?" ಎಂದರು ಪುಟ್ಟಮ್ಮ.

"ಕೋಳಿ ಬೇಡ ಕಣಮ್ಮ, ಅದರ ಹಿಕ್ಕೆ ಬೇಕು. ಈಗ ಹಾಕಿದ್ದು, ಬಿಸಿಯಾಗಿರೋದು."

ಪುಟ್ಟಮ್ಮ ನನ್ನ ಮುಖ ನೋಡಿದರು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಮೇಡಂ ಹಿತ್ತಲ ಕಲ್ಲಿನ ಮೇಲೆ ಕೂತು, ಕೋಳಿಗಳನ್ನು ಕಣ್ಣಲ್ಲೇ ಹಿಂಬಾಲಿಸುತ್ತ, ಪುಟ್ಟಮ್ಮ ಕೊಟ್ಟ ಕಾಫಿ ಕುಡಿಯುತ್ತ ಅರ್ಧ ದಿನ ಕಳೆದರು. ಹೀಗೆ ಆ ಬೀದಿಯ ಎಷ್ಟೋ ಹಿತ್ತಲು ಸುತ್ತಿದರು. ಪುಟ್ಟಮ್ಮನವರ ಒಂದು ಕೆಂಪು ಹೇಂಟೆಯಿಂದ ಸಿಕ್ಕ ಬ್ಯಾಕ್ಟೀರಿಯ ಗಾಜಿನ ತಟ್ಟೆಯಲ್ಲಿ ಕಾಯಿಲೆಯ ಬ್ಯಾಕ್ಟೀರಿಯವನ್ನು ಹತ್ತಿರ ಸೇರಿಸಲಿಲ್ಲ. ತನ್ನ ಸುತ್ತ ಒಂದು ಖಾಲಿ ವೃತ್ತ ಬಿಡಿಸಿಕೊಂಡು ಮಧ್ಯದಲ್ಲಿ ಕೂತಿತ್ತು. ಮೇಡಂ ಆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ನನ್ನ ಕೈಗೆ ಕೊಟ್ಟರು. ಆ ದಿನ ಅವರು ಸ್ನಾನ ಮುಗಿಸಿ ಹೋಗುವಾಗ ಏನೋ ಗುನುಗುತ್ತಿದ್ದರು.

ಅದನ್ನು ಬೆಳೆಸಿ, ಒಣಗಿಸಿ, ಪುಡಿ ಮಾಡುವುದಕ್ಕೆ ವರ್ಷಗಳೇ ಹಿಡಿದವು. ಬಂಗಲೆಯ ಪಂಜರದ ಕೋಳಿಗಳಲ್ಲಿ ಪುಡಿ ಚೆನ್ನಾಗಿ ಕೆಲಸ ಮಾಡಿತು. ಇನ್ನು ನಿಜವಾದ ಶೆಡ್ಡಿನಲ್ಲಿ ಪ್ರಯೋಗವಾಗಬೇಕು. ನಂಜನಗೂಡು ರಸ್ತೆಯಲ್ಲಿ ನಿಂಗರಾಜು ಎಂಬುವವರ ಶೆಡ್ಡು ಗೊತ್ತಾಯಿತು. ಮರಿ, ಮೇವು ಕೋಳಿ ಕಂಪನಿಯದು, ಸಾಕುವುದು ನಿಂಗರಾಜು, ಬೆಳೆದ ಮೇಲೆ ಕಂಪನಿಯವರೇ ಲಾರಿ ತಂದು ಹಿಡಿದುಕೊಂಡು ಹೋಗುತ್ತಾರೆ. ಶೆಡ್ಡಿನ ನಡುವೆ ಜಾಲರಿ ಕಟ್ಟಿ ಎರಡು ಭಾಗ ಮಾಡಿದೆವು. ಒಂದು ಕಡೆ ಎಂದಿನ ಔಷಧಿ ಬೆರೆತ ಮೇವು, ಇನ್ನೊಂದು ಕಡೆ ನಮ್ಮ ಪುಡಿ ಬೆರೆತ ಮೇವು. ಕೊನೆಯವರೆಗೂ ಬೇರೇನನ್ನೂ ಕೊಡಬಾರದು. ಕೊಟ್ಟರೆ ಪ್ರಯೋಗ ಕೆಟ್ಟಹಾಗೆ. ಯೋಜನೆಗೆ ನೆರವು ಕೊಟ್ಟವರ ಕರಾರೂ ಅದೇ.

ಮೇಡಂ ಶೆಡ್ಡಿಗೆ ಹೋಗುವ ರೀತಿಯೇ ಬೇರೆ. ನೇರ ಒಳಗೆ ನುಗ್ಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಕೋಳಿಗಳ ಸದ್ದು ಕೇಳುತ್ತಿದ್ದರು. ಆಮೇಲೆ ಒಳಗೆ ಕಾಲಿಟ್ಟು, ನೆಲಕ್ಕೆ ಹಾಸಿದ ಭತ್ತದ ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಹಿಂಡುತ್ತಿದ್ದರು. ಉದುರಿದರೆ ಸರಿ, ಉಂಡೆ ಕಟ್ಟಿದರೆ ಹುಬ್ಬು ಗಂಟಿಕ್ಕುತ್ತಿತ್ತು. ಮೊದಲ ವಾರಗಳಲ್ಲಿ ಹೊಟ್ಟು ಉದುರುತ್ತಲೇ ಇತ್ತು. ಕೋಳಿ ಹಿಡಿಯುವ ಕಾಲ ಹತ್ತಿರ ಬಂದಾಗ ಒಂದು ಬೆಳಿಗ್ಗೆ ನಿಂಗರಾಜು ಫೋನು ಮಾಡಿದರು. "ನಿಮ್ ಕಡೆ ಭಾಗದಲ್ಲಿ ಸಾಯ್ತಾವೆ ಅಮ್ಮಾ. ನೆನ್ನೆ ಚೆನ್ನಾಗೇ ಇದ್ವು."

ನಾವು ಹೋದಾಗ ಸತ್ತವುಗಳನ್ನು ಬಾಗಿಲ ಹತ್ತಿರ ಸಾಲಾಗಿ ಇಟ್ಟಿದ್ದರು. ಮೇಡಂ ಅಲ್ಲೇ ನೆಲಕ್ಕೆ ಕೂತು ಒಂದೊಂದನ್ನೇ ಸೀಳಿದರು. ಎಲ್ಲದರಲ್ಲೂ ಗಾಳಿ ತುಂಬಿ ಉಬ್ಬಿದ ಕರುಳು, ಒಳಗೆ ಅದೇ ಟವೆಲ್ಲು. ಅವರ ಮುಖ ಬದಲಾಗಲಿಲ್ಲ. ಕೈ ಮಾತ್ರ ಒಂದು ಕ್ಷಣ ಕತ್ತರಿಯ ಮೇಲೆ ಹಾಗೇ ನಿಂತಿತು.

ಎದ್ದು, "ನಿಂಗರಾಜು, ನೀರಿಗೆ ಔಷಧಿ ಹಾಕಬೇಕು. ಈಗಲೇ" ಎಂದರು.

ಎರಡೂ ಭಾಗಕ್ಕೆ ನೀರು ಬರುವುದು ಒಂದೇ ಟ್ಯಾಂಕಿನಿಂದ. ಅದಕ್ಕೆ ಔಷಧಿ ಬಿದ್ದರೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. "ಮೇಡಂ, ಟ್ರಯಲ್ಲು?" ಎಂದೆ. "ಇನ್ನು ಸ್ವಲ್ಪ ದಿನ ತಾನೇ. ಬಿಟ್ಟು ನೋಡೋಣ, ತಾನೇ ನಿಲ್ಲಬಹುದು."

"ಟ್ರಯಲ್ ಮುಗೀತು ಕಣ್ರೀ. ಈಗ ಇದು ಕಾಯಿಲೆ ಬಿದ್ದಿರೋ ಕೋಳಿಮನೆ ಅಷ್ಟೆ."

"ನೀವೇ ಔಷಧಿ ಬೇಡ ಅಂತ..."

"ನಾನು ಯಾವತ್ತೂ ಔಷಧಿ ಬೇಡ ಅಂದಿಲ್ಲ. ಕಾಯಿಲೆ ಇಲ್ದೆ ಕೊಡೋದು ಬೇಡ ಅಂದಿದ್ದು. ಇವಕ್ಕೆ ಕಾಯಿಲೆ ಇದೆ. ನಮ್ಮ ಕೈಲಿ ಔಷಧಿ ಇದೆ. ಇಟ್ಕೊಂಡು ನೋಡ್ತಾ ಕೂರೋದಾ?"

ನಿಂಗರಾಜು ಇಬ್ಬರ ಮುಖವನ್ನೂ ನೋಡುತ್ತ ನಿಂತಿದ್ದರು. "ನಿಮ್ ಕೆಲ್ಸ ಕೆಡೋದಾದ್ರೆ ಬ್ಯಾಡ ಬುಡಿ ಅಮ್ಮಾ. ಒಂದು ಬ್ಯಾಚು ಓದ್ರೆ ಓಯ್ತು" ಎಂದರು. ಮೇಡಂ ಔಷಧಿಯನ್ನು ತಾವೇ ಅಳೆದು, ಬಕೆಟ್ಟಿನಲ್ಲಿ ಕಲಸಿ, ಏಣಿ ಹತ್ತಿ ಟ್ಯಾಂಕಿಗೆ ಸುರಿದರು. ಅಷ್ಟು ವರ್ಷದ ಕೆಲಸವನ್ನು ಯಾವ ಸದ್ದೂ ಇಲ್ಲದೆ ನೀರಿಗೆ ಬಿಟ್ಟವರನ್ನು ನಾನು ಕೆಳಗಿನಿಂದ ತಲೆಯೆತ್ತಿ ನೋಡುತ್ತಿದ್ದೆ.

ಕೋಳಿ ಸಾಯುವುದು ನಿಂತಿತು. ಆದರೆ ಔಷಧಿ ಕುಡಿದ ಕೋಳಿಯನ್ನು ಕೂಡಲೇ ಮಾರುವಂತಿಲ್ಲ. ಮಾಂಸದಲ್ಲಿರುವ ಔಷಧಿ ಇಳಿಯುವವರೆಗೆ ಕಾಯಬೇಕು. ಆ ಅವಧಿ ಮುಗಿಯುವ ಮುಂಚೆಯೇ ಕಂಪನಿಯ ಲಾರಿ ಬರುತ್ತಿದೆ ಎಂದು ನಿಂಗರಾಜು ಮತ್ತೆ ಫೋನು ಮಾಡಿದರು. ಕೋಳಿ ತೂಕಕ್ಕೆ ಬಂದಿದೆ, ಇನ್ನು ನಿಲ್ಲಿಸಿಕೊಂಡರೆ ಸುಮ್ಮನೆ ಮೇವು ಖರ್ಚು ಎಂದು ಕಂಪನಿಯವರ ಲೆಕ್ಕ.

ಮೇಡಂ ಪೂಜೆ ಮುಗಿಸಿ ಬಂದವರು ಹಾಗೇ ಜೀಪು ಹತ್ತಿದರು. ನಿಂಗರಾಜು ಹೆಂಡತಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಕೇಳಿ ತಂದು, ಶೆಡ್ಡಿನ ಬಾಗಿಲಿಗೆ ಅಡ್ಡವಾಗಿ ಹಾಕಿಕೊಂಡು ಕೂತರು. ಲಾರಿ ಬಂತು. ಹಿಂದೆಯೇ ಬೈಕಿನಲ್ಲಿ ಕಂಪನಿಯ ಸೂಪರ್‌ವೈಸರ್ ಬಂದರು. ಮೇಡಂಗಿಂತ ತುಂಬ ಚಿಕ್ಕವರು, ಅವಸರದ ಮನುಷ್ಯ.

"ಸ್ವಲ್ಪ ಜಾಗ ಬಿಡಿ ಮೇಡಂ. ಹುಡುಗ್ರು ಕೋಳಿ ಹಿಡೀಬೇಕು."

"ಮಾಂಸದಲ್ಲಿ ಔಷಧಿ ಇನ್ನೂ ಇದೆ. ಇಳಿದ ಮೇಲೆ ಬನ್ನಿ."

"ಎಲ್ಲ ಶೆಡ್ಡಲ್ಲೂ ಇಷ್ಟೆಲ್ಲ ನೋಡಿದ್ರೆ ವ್ಯಾಪಾರ ಮಾಡೋಕಾಗುತ್ತಾ ಮೇಡಂ?"

"ಎಲ್ಲ ಶೆಡ್ಡಿನ ವಿಷಯ ನಂಗೊತ್ತಿಲ್ಲ. ಇದು ಗೊತ್ತು."

"ಔಷಧಿ ಹಾಕಿದ್ದು ನಾವಲ್ಲ. ನೀವೇ ಅಲ್ವಾ ಹಾಕ್ಸಿದ್ದು?"

"ಹೌದು. ಅದಕ್ಕೇ ನಾನೇ ಬಂದು ಕೂತಿದೀನಿ."

ಸೂಪರ್‌ವೈಸರ್ ಫೋನು ಹಿಡಿದು ಅತ್ತ ಹೋದರು, ಇತ್ತ ಬಂದರು. ದೊಡ್ಡ ದನಿಯಲ್ಲಿ ಯಾರೊಡನೆಯೋ ಮಾತಾಡಿದರು. ಫೋನನ್ನು ಮೇಡಂ ಕೈಗೂ ಕೊಟ್ಟರು. ಮೇಡಂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿ ಫೋನು ವಾಪಸು ಕೊಟ್ಟರು. ಬಿಸಿಲು ಏರಿತು. ಬಾಗಿಲ ಮೇಲಿನ ತಗಡಿನ ನೆರಳು ಸರಿದು ಅವರ ತಲೆ ಮೇಲೇ ಬಿಸಿಲು ಬಿತ್ತು. ಸೆರಗನ್ನು ತಲೆಗೆ ಹೊದ್ದುಕೊಂಡರೇ ಹೊರತು ಕುರ್ಚಿ ಬಿಟ್ಟು ಏಳಲಿಲ್ಲ. ನಿಂಗರಾಜು ಹೆಂಡತಿ ಮಜ್ಜಿಗೆ ತಂದುಕೊಟ್ಟರು. ಅದರಲ್ಲಿ ಒಂದು ಲೋಟವನ್ನು ಮೇಡಂ ಸೂಪರ್‌ವೈಸರ್ ಕಡೆಗೆ ಚಾಚಿ, "ಕುಡೀರಿ, ನೀವೂ ಬಿಸಿಲಲ್ಲಿದ್ದೀರಿ" ಎಂದರು. ಆತ ಬೇಡವೆನ್ನಲಾಗದೆ ಕುಡಿದರು. ಮಧ್ಯಾಹ್ನ ಲಾರಿ ಖಾಲಿಯೇ ತಿರುಗಿತು. ಮತ್ತೆ ಬಂದದ್ದು ಅವಧಿ ಮುಗಿದ ಮೇಲೆ.

ಯೋಜನೆಗೆ ನೆರವು ಕೊಟ್ಟವರು ಕೈಬಿಟ್ಟರು. ಅದಾದ ಮೇಲೆ ಒಂದು ವಿಚಾರ ಸಂಕಿರಣದಲ್ಲಿ ಮೇಡಂ ಮಾತಾಡಬೇಕಿತ್ತು. ಪಂಜರದ ಕೋಳಿಗಳ ಫಲಿತಾಂಶವನ್ನಷ್ಟೇ ಹೇಳಿ ಮುಗಿಸಬಹುದಿತ್ತು, ಚಪ್ಪಾಳೆಯೂ ಬೀಳುತ್ತಿತ್ತು. ಅವರು ಪರದೆಯ ಮೇಲೆ ಮೊದಲು ತೋರಿಸಿದ್ದೇ ನಿಂಗರಾಜು ಶೆಡ್ಡಿನ ಬಾಗಿಲಲ್ಲಿ ಸಾಲಾಗಿ ಇಟ್ಟಿದ್ದ ಸತ್ತ ಕೋಳಿಗಳನ್ನು. "ನಮ್ಮ ಪುಡಿ ಇಲ್ಲಿ ಕೆಲಸ ಮಾಡಲಿಲ್ಲ. ಯಾಕೆ ಅಂತ ನನಗೆ ಇನ್ನೂ ಗೊತ್ತಿಲ್ಲ" ಎಂದು ಶುರುಮಾಡಿದರು. ಅಷ್ಟು ಜನ ವಿದ್ವಾಂಸರ ಎದುರು ಅಷ್ಟು ಸಲೀಸಾಗಿ 'ಗೊತ್ತಿಲ್ಲ' ಎಂದವರನ್ನು ನಾನು ಆಮೇಲೆ ಬೇರೆ ಕಂಡಿಲ್ಲ.

ಯಾಕೆ ಎಂಬುದನ್ನು ಅವರೇ ಕಂಡುಹಿಡಿದರು. ಶೆಡ್ಡಿನಲ್ಲಿ ಉಳಿದಿದ್ದ ಮೇವಿನ ಚೀಲವನ್ನು ತರಿಸಿ, ನಮ್ಮ ಬ್ಯಾಕ್ಟೀರಿಯ ಅದರಲ್ಲಿ ಜೀವಂತ ಇದೆಯೇ ಎಂದು ಬೆಳೆಸಿ ನೋಡಿದರು. ತಟ್ಟೆಯಲ್ಲಿ ಏನೂ ಬರಲಿಲ್ಲ. ಮೇವಿನ ಗಿರಣಿಯಲ್ಲಿ ಪುಡಿಯನ್ನು ಮೊದಲೇ ಬೆರೆಸಿ, ಬಿಸಿ ಹಬೆ ಹಾಯಿಸಿ ಮೇವನ್ನು ಗುಳಿಗೆಯಂಥ ಕಾಳು ಮಾಡಿದ್ದರು. ಪುಟ್ಟಮ್ಮನ ಹೇಂಟೆಯಿಂದ ಬಂದದ್ದೆಲ್ಲ ಆ ಹಬೆಯಲ್ಲೇ ಬೆಂದುಹೋಗಿತ್ತು.

"ಹಾಗಾದ್ರೆ ತಪ್ಪು ಗಿರಣಿಯವರದ್ದು ಮೇಡಂ. ನಮ್ಮದಲ್ಲ" ಎಂದೆ ನಾನು. ನಿಜವಾಗಿ ಸಮಾಧಾನವಾಗಿತ್ತು ನನಗೆ.

"ಗಿರಣಿ ಎಲ್ಲ ಊರಲ್ಲೂ ಹಾಗೇ ಇರೋದು. ಅಲ್ಲಿ ಬದುಕದೆ ಇರೋದನ್ನ ಇಟ್ಕೊಂಡು ರೈತರಿಗೆ ಏನು ಉಪಯೋಗ? ಬೇರೆ ಹುಡುಕೋಣ."

ಅಷ್ಟು ಮುದ್ದಿನಿಂದ ಬೆಳೆಸಿದ್ದನ್ನು ಅವರು ಅಲ್ಲಿಗೆ ಬಿಟ್ಟರು. ಬಿಸಿಗೆ ಸಾಯದ ಹಾಗೆ ಗಟ್ಟಿ ಚಿಪ್ಪು ಕಟ್ಟಿಕೊಂಡಿದ್ದು, ಕರುಳು ಸೇರಿದ ಮೇಲೆ ಚಿಗುರುವ ಇನ್ನೊಂದು ಜಾತಿಯ ಬ್ಯಾಕ್ಟೀರಿಯದ ಹುಡುಕಾಟ ಹೊಸದಾಗಿ ಶುರುವಾಯಿತು. ಮತ್ತೆ ಅದೇ ಹಿತ್ತಲುಗಳು, ಅದೇ ಡಬ್ಬಿಗಳು. ನಡುವೆ ಅವರಿಗೆ ನಿವೃತ್ತಿಯಾಯಿತು. ಹಾರ ಹಾಕಿ ಕಳಿಸಿಕೊಟ್ಟೆವು. ಮರುದಿನ ಸಿಟಿ ಬಸ್ಸಿನಲ್ಲಿ ಬಂದರು. ಅವರ ಕೋಣೆ ಬೇರೆಯವರಿಗೆ ಹೋಗಿತ್ತು. ನನ್ನ ಮೇಜಿನ ತುದಿಗೆ ಒಂದು ಸ್ಟೂಲು ಎಳೆದುಕೊಂಡು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ನಾನು ನನ್ನ ಕುರ್ಚಿ ಬಿಟ್ಟುಕೊಡಲು ಎದ್ದರೆ, "ಕೂತ್ಕೊಳ್ಳಿ, ನನಗೆ ಇದೇ ಎತ್ತರ ಸರಿಹೋಗುತ್ತೆ" ಎಂದರು.

ಹೊಸ ಪುಡಿ ಸಿದ್ಧವಾದಾಗ ಯಾರ ಶೆಡ್ಡು ಕೇಳುವುದು ಎಂದು ನಾವು ಯೋಚಿಸುತ್ತಿದ್ದೆವು. ಮೊದಲ ಸಲ ಅಷ್ಟು ಅನುಭವಿಸಿದ ನಿಂಗರಾಜುವನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಮೇಡಂ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದರು. ಹಿಂದೆ ಯಾಕೆ ಸತ್ತವು, ಈಗಲೂ ಸಾಯಬಹುದು ಎಂಬುದನ್ನೂ ಸೇರಿಸಿ.

ನಿಂಗರಾಜು, "ಕಾಯ್ಲೆ ಬಂದ್ರೆ ಔಸ್ದಿ ಹಾಕ್ತೀರಲ್ಲ?" ಎಂದರು.

"ಹಾಕ್ತೀನಿ."

"ಮತ್ತಿನ್ನೇನು. ಮಾಡಿ."

ಆ ಬ್ಯಾಚು ಔಷಧಿಯಿಲ್ಲದೆ ಮುಗಿಯಿತು. ಕೊನೆಯ ದಿನ ಮೇಡಂ ಒಂದು ಕೋಳಿಯನ್ನು ಆರಿಸಿ, ಸೀಳಿ, ಕರುಳನ್ನು ನೀರಲ್ಲಿ ಅದ್ದಿ ತೊಳೆದು ಅಂಗೈ ಮೇಲೆ ಹಾಸಿಕೊಂಡರು. ನಸುಗೆಂಪು, ನುಣುಪು, ಸಣ್ಣ ಹೊಳಪು. "ಬೇಗ ಬನ್ನಿ, ನೋಡಿ. ತಡವಾದ್ರೆ ಬಣ್ಣ ಹೋಗುತ್ತೆ" ಎಂದು ಎಲ್ಲರನ್ನೂ ಕರೆದರು. ನಿಂಗರಾಜು ಬಂದರು, ಅವರ ಹೆಂಡತಿ ಬಂದರು. ಲಾರಿಯ ಜೊತೆ ಬಂದಿದ್ದ ಅದೇ ಸೂಪರ್‌ವೈಸರ್ ಕೂಡ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು.

"ಹಾಗಾದ್ರೆ ಇನ್ಮೇಲೆ ಔಷಧಿ ಬೇಡವೇ ಬೇಡ್ವಾ ಮೇಡಂ?" ಎಂದು ಕೇಳಿದರು.

"ಹಾಗಂತ ನಾನು ಹೇಳಲ್ಲ. ಈ ಸಲ ಬೇಕಾಗ್ಲಿಲ್ಲ. ಒಂದು ಶೆಡ್ಡು, ಒಂದು ಬ್ಯಾಚು." ಕೈ ತೊಳೆಯುತ್ತ ನಿಂಗರಾಜು ಕಡೆ ತಿರುಗಿ, "ಮುಂದಿನ ಮರಿ ಯಾವಾಗ ಬರುತ್ತೆ?" ಎಂದರು.

ಆ ಹೊತ್ತಿಗಾಗಲೇ ಮೇಡಂಗೆ ತಮಗಿದ್ದ ಕಾಯಿಲೆ ಗೊತ್ತಾಗಿತ್ತಂತೆ. ನಮಗೆ ಯಾರಿಗೂ ಹೇಳಿರಲಿಲ್ಲ. ಸ್ವಲ್ಪ ತೆಳ್ಳಗಾಗಿದ್ದರು, ಅಷ್ಟೇ ನಾವು ನೋಡಿದ್ದು.

ಮರಿ ಬಂದ ದಿನ ನಾನು ಹೋಗುವಷ್ಟರಲ್ಲಿ ಅವರು ಶೆಡ್ಡಿನೊಳಗೆ ಇದ್ದರು. ಹೊರಗೆ ಮೋಡ ಕವಿದು ಸಣ್ಣಗೆ ಚಳಿಗಾಳಿ ಬೀಸುತ್ತಿತ್ತು. ಮರಿಗಳ ಕಾವಿಗೆ ತೂಗುಹಾಕಿದ್ದ ಬಲ್ಬುಗಳ ಕೆಳಗೆ, ಹೊಸ ಹೊಟ್ಟಿನ ಮೇಲೆ ಮಂಡಿಯೂರಿ ಕೂತಿದ್ದರು. ಸುತ್ತ ಹಳದಿ ಮರಿಗಳು ಚೀಂಗುಟ್ಟುತ್ತ, ಅವರ ಸೀರೆಯ ನೆರಿಗೆಯೊಳಗೆ ನುಗ್ಗುತ್ತಿದ್ದವು. ಒಂದು ಮರಿಯನ್ನು ಎತ್ತಿಕೊಂಡು, ಅದರ ಎರಡೂ ಪಾದಗಳನ್ನು ತಮ್ಮ ಕೆನ್ನೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಇದ್ದರು.

"ಕಾಲು ತಣ್ಣಗಿದೆ ನಿಂಗರಾಜು" ಎಂದರು. "ಆ ಮೂಲೇಲಿ ಇನ್ನೊಂದು ಬಲ್ಬು ಹಾಕಿ."